ಬುಟ್ಟಿಯಲ್ಲಿ ಎರೆಹುಳು, ಕಮಲಾಪುರದ ಬಸ್ಸು

ಎರಡು ಸಾವಿರದ ಇಸವಿಯ ಆಚೀಚೆಯ ಒಂದು ಬೇಸಿಗೆಯ ಬೆಳಿಗ್ಗೆ, ಮಡಿಲಲ್ಲಿ ಎರೆಹುಳುಗಳ ಬುಟ್ಟಿ ಇಟ್ಟುಕೊಂಡು ಕಲಬುರಗಿಯಲ್ಲಿ ಕಮಲಾಪುರದ ಬಸ್ಸು ಹತ್ತಿದೆ. ಹುಳ ಕಂಡರೆ ಮೈ ಜುಮ್ಮೆನ್ನುವ ಶಾಲಾ ಮಾಸ್ತರ ನಾನು. ಅಕ್ಕನಿಗೆ ಇಲ್ಲ ಅನ್ನಲಾಗಲಿಲ್ಲ, ಅಷ್ಟೇ.

ರಾಸಾಯನಿಕ ಬಿಟ್ಟು ಎರೆಗೊಬ್ಬರ ಮಾಡುವ ರೈತರಿಗೆ ಆಗ ಸರ್ಕಾರ ಸಹಾಯಧನ ಕೊಡುತ್ತಿತ್ತು. ಅಕ್ಕ ಕಮಲಾಪುರದ ತನ್ನ ಕೆಂಪು ಬಾಳೆ ತೋಟದಲ್ಲಿ ಗುಂಡಿ ಕಟ್ಟಿಸಿದಳು. ಬಿಟ್ಟ ಹುಳುಗಳೆಲ್ಲ ಎಂಟೇ ದಿನಕ್ಕೆ ಸತ್ತವು. ಅವತ್ತು ಹನ್ನೆರಡಕ್ಕೆ ಕೃಷಿ ಸಾಹೇಬರ ತಪಾಸಣೆ. "ಸಾಹೇಬ್ರು ಸಹಿ ಹಾಕಲಿಲ್ಲಂದ್ರ ಗುಂಡಿ ಮುಚ್ಚತೀನಿ, ಅಂಗಡಿ ಗೊಬ್ಬರನ ಹಾಕತೀನಿ" ಎಂದು ಭಾವ ಹಟ ಹಿಡಿದಿದ್ದ. ಹಾಗಾಗಿ ಬೆಳಗಾಗುತ್ತಲೇ ಕಲಬುರಗಿ ಪಕ್ಕದ ಶರಣಸಿರಸಗಿಗೆ ಓಡಿ, ಗೆಳೆಯನ ಗುಂಡಿಯಿಂದ ಹುಳ ತುಂಬಿಸಿಕೊಂಡು ಬಂದಿದ್ದೆ.

ಮೂವತ್ತೈದು ಕಿಲೋಮೀಟರ್ ದಾರಿ. ಕಂಡಕ್ಟರ್ ಟಿಕೆಟ್ ಹರಿದು, "ಏನದ್ರೀ ಮಾಸ್ತರ? ಬುಟ್ಟಿ ಟಾಪಿಗೆ ಹಾಕ್ರಿ" ಎಂದ. "ಎರೆಹುಳಾ ಅದಾವ್ರಿ, ಬಿಸಲಿಗೆ ಸಾಯ್ತಾವ" ಅಂದೆ. ಪಕ್ಕದ ಹೆಂಗಸು "ಅಯ್ಯ ನಮ್ಮವ್ವ!" ಎಂದು ಎದ್ದು ಹಿಂದಕ್ಕೆ ಹೋದಳು. ಇಡೀ ಸೀಟು ನನಗೇ ಸಿಕ್ಕಿತು.

ಮಹಾಗಾಂವ ಇನ್ನೂ ಬಂದಿರಲಿಲ್ಲ, ಟೈರು ಪಂಕ್ಚರ್. ಹತ್ತೂವರೆಯ ಬಿಸಿಲು. ಬುಟ್ಟಿಗೆ ಹೊದಿಸಿದ್ದ ಒದ್ದೆ ಗೋಣಿಚೀಲ ಆರಿ ಬಿಸಿಯಾಗಿತ್ತು. ಗಡ್ಡದ ಮುದುಕರೊಬ್ಬರು ತಮ್ಮ ನೀರಿನ ಬಾಟಲಿ ಚಾಚಿ, "ಹಾಕ್ರಿ ಮಾಸ್ಟರ್ ಸಾಬ್, ಅವಕ್ಕೂ ಜಾನ್ ಅದ ಅಲ್ಲಾ" ಎಂದರು. ನೀರು ಚಿಮುಕಿಸಿ, ಕಣ್ಣು ಮುಚ್ಚಿ ಕೈ ಒಳಗಿಟ್ಟೆ. ಮಿಸುಕಾಡಿದವು! ಹುಳ ಮುಟ್ಟಿ ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ಟೈರು ಬದಲಿಸಲು ಮುಕ್ಕಾಲು ತಾಸು ಹಿಡಿಯಿತು.

ತೋಟ ಮುಟ್ಟಿದಾಗ ಸಾಹೇಬರ ಜೀಪು ದೂರದಲ್ಲಿ ಧೂಳೆಬ್ಬಿಸುತ್ತಿತ್ತು. ಹುಳ ಗುಂಡಿಗೆ ಸುರಿದು ಗಡಿಬಿಡಿಯಲ್ಲಿ ಹುಲ್ಲು ಮುಚ್ಚಿದೆವು. ಸಾಹೇಬರು ಹುಲ್ಲು ಸರಿಸಿ, "ಚಲೋ ಅದಾವ" ಎಂದು ಪೆನ್ನು ತೆಗೆದರು. ನಾನು ಬೆವರು ಒರೆಸಿಕೊಂಡೆ.

"ತಡೀರಿ ಸಾಹೇಬ್ರ," ಅಂದಳು ಅಕ್ಕ. "ಇವು ಈಗ ಬಂದಾವ್ರಿ. ಮೊದಲಿನವು ಸತ್ತಾವ. ದಿನಾ ಹಸಿ ಸಗಣಿ ಹಾಕೀನಿ, ಆದ್ರೂ ಯಾಕ ಸತ್ತವ್ರಿ? ಇವೂ ಸತ್ರ ಏನ್ ಮಾಡ್ಲಿ?"

ಇವಳ ಬಾಯಿಗೆ ಬೀಗ ಹಾಕಬಾರದೇ ಅನ್ನಿಸಿತು! ಸಾಹೇಬರು ಪೆನ್ನು ಜೇಬಿಗೆ ಹಾಕಿಕೊಂಡರು. "ಹಸಿ ಸಗಣಿ ಒಳಗ ಕಾಯ್ತದವ್ವಾ, ಹುಳಾ ಬೆಂದು ಸಾಯ್ತಾವ. ತಿಪ್ಪ್ಯಾಗಿನ ಹಳೇ ಗೊಬ್ಬರ ಹಾಕ್ರಿ. ಸಹಿ ಇವತ್ತ ಆಗಂಗಿಲ್ಲ. ಮುಂದಿನ ತಿಂಗಳ ಬರ್ತೀನಿ, ಮರಿ ತೋರಸ್ರಿ."

ಗುಂಡಿಯ ಪಕ್ಕದಲ್ಲೇ, ಸಂಜೆಗೆ ಹಾಕಲೆಂದು ತಂದ ಹಸಿ ಸಗಣಿಯ ರಾಶಿ ಇತ್ತು. ಅದನ್ನು ನೋಡಿ ನನ್ನ ಸಿಟ್ಟು ಇಳಿಯಿತು.

ಜೀಪು ಹೋದ ಮೇಲೆ ಭಾವ ಸಲಿಕೆ ಎತ್ತಿಕೊಂಡ. ಅಕ್ಕ ಗುಂಡಿಯ ಕಟ್ಟೆಯ ಮೇಲೆ ಕೂತವಳು ಏಳಲಿಲ್ಲ. ಜಗಳ ನೋಡುವ ಧೈರ್ಯ ನನಗಿಲ್ಲ, ಬಸ್ಸಿನ ನೆಪ ಹೇಳಿ ಹೊರಟೆ. ತಿರುವಿನಲ್ಲಿ ಮನಸ್ಸು ತಡೆಯದೆ ಹಿಂತಿರುಗಿ ನೋಡಿದೆ. ಭಾವ ತಿಪ್ಪೆ ಅಗೆಯುತ್ತಿದ್ದ. ಹಳೇ ಗೊಬ್ಬರವನ್ನು ನನ್ನದೇ ಬುಟ್ಟಿಗೆ ತುಂಬಿ, ತಲೆಯ ಮೇಲಿಟ್ಟುಕೊಂಡು, ಅಕ್ಕ ಕೂತಿದ್ದ ಕಡೆಗೆ ನಡೆದ.