ಟವೆಲ್ಲಿನ ಕೆಳಗಿನ ಕೈ

ಸತ್ತವರು ಬಂದರು, ಮಾತಾಡಿಸಿದರು, ದಾರಿ ತೋರಿಸಿದರು ಅನ್ನುವಂಥ ಕಥೆಯನ್ನು ಯಾರಾದರೂ ಶುರು ಮಾಡಿದರೆ ನಾನು ಎದ್ದು ಟೀ ಕುಡಿಯಲು ಹೋಗುತ್ತಿದ್ದವನು. ದನದ ದಲ್ಲಾಳಿಯಾಗಿ ಬದುಕಿದವನು ನಾನು. ಕೈಯಲ್ಲಿ ಮುಟ್ಟಿ ನೋಡದ ಯಾವುದನ್ನೂ ನಂಬಿದವನಲ್ಲ, ಯಾರಿಗೂ ಕೊಡಿಸಿದವನೂ ಅಲ್ಲ. ಈಗ ಬರೆಯಲು ಹೊರಟಿರುವ ಸಂಗತಿಯಲ್ಲಿ ನನಗೆ ತೊಡಕಾಗಿರುವುದೂ ಅದೇ. ಅದು ಕಣ್ಣಿಗೆ ಕಂಡಿದ್ದರೆ ಇಷ್ಟು ಹೊತ್ತಿಗೆ ತಳ್ಳಿಹಾಕಿಬಿಡುತ್ತಿದ್ದೆ. ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ. ಆದರೆ ಅದು ನನ್ನ ಕೈಗೆ ಸಿಕ್ಕಿತ್ತು.

ಮೊದಲು ಕಣ್ಣಿನ ವಿಷಯ ಹೇಳಿಬಿಡುತ್ತೇನೆ. ಚಿಕ್ಕಂದಿನಿಂದಲೂ ನನಗೆ ಮಾರುದೂರದ ಮುಖ ಕಾಣುವುದಿಲ್ಲ. ಹೆಮ್ಮಿಗೆ ಕಡೆಯ ನಮ್ಮೂರಿನಲ್ಲಿ ಶಾಲೆಯ ಬೋರ್ಡು ಕಾಣದೆ ಐದನೇ ಕ್ಲಾಸಿಗೆ ಓದು ನಿಲ್ಲಿಸಿದೆ, ದನ ಕಾಯಲು ಹೋದೆ. ಕನ್ನಡಕ ಬಂದದ್ದು ಮದುವೆಯಾದ ಮೇಲೆ. ಗಾಜು ಎಷ್ಟು ದಪ್ಪ ಎಂದರೆ, ಹಾಕಿಕೊಂಡು ಮೊದಲ ಸಲ ತಿ. ನರಸೀಪುರದ ಕಡೆಯ ದನದ ಸಂತೆಗೆ ಹೋದ ದಿನವೇ ನನಗೆ ‘ಸೋಡಾಬುಡ್ಡಿ’ ಎಂದು ಹೆಸರಾಯಿತು. ಸಂತೆಯಲ್ಲಿ ಒಮ್ಮೆ ಬಿದ್ದ ಹೆಸರು ಸಾಯುವವರೆಗೂ ಹೋಗುವುದಿಲ್ಲ. ಹೆಸರು ಹಾಳಾಗಿ ಹೋಗಲಿ, ಗಿರಾಕಿ ಹೋಗುತ್ತಾನಲ್ಲ! ಎತ್ತು ನೋಡಿ ಕೊಡಿಸುವವನಿಗೇ ಕಣ್ಣಿಲ್ಲ ಅಂದರೆ ಯಾರು ಬರುತ್ತಾರೆ? ಅದಕ್ಕೇ ಸಂತೆಮಾಳದ ಗೇಟು ಬರುತ್ತಲೂ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುವುದನ್ನು ಕಲಿತೆ. ನಿಮ್ಮಲ್ಲಿ ಯಾರಿಗಾದರೂ ನನ್ನಂಥ ಕಣ್ಣಿದ್ದರೆ ಒಂದು ಮಾತು ಹೇಳುತ್ತೇನೆ, ಕೇಳಿ: ಮುಚ್ಚಿಡಬೇಡಿ. ಮುಚ್ಚಿಡುವುದಕ್ಕೆ ಬೇಕಾಗುವ ಬುದ್ಧಿಯಲ್ಲಿ ಇನ್ನೊಂದು ಕಸುಬನ್ನೇ ಕಲಿಯಬಹುದು.

ನಾನು ಕಣ್ಣಿನ ಕೆಲಸವನ್ನೆಲ್ಲ ಕೈಗೆ ಒಪ್ಪಿಸಿಬಿಟ್ಟಿದ್ದೆ. ಎತ್ತಿನ ಬಾಯಿಗೆ ಹೆಬ್ಬೆರಳು ಹಾಕಿ ಎಷ್ಟು ಹಲ್ಲು, ಎಷ್ಟು ವಯಸ್ಸು ಎಂದು ಹೇಳುತ್ತಿದ್ದೆ. ಬೆನ್ನ ಮೇಲೆ, ಹಣೆಯ ಮೇಲೆ ಕೈಯಾಡಿಸಿ ಕೂದಲಿನ ಸುಳಿ ಎಲ್ಲೆಲ್ಲಿದೆ, ಒಳ್ಳೆಯದೋ ಕೆಟ್ಟದ್ದೋ ಹೇಳುತ್ತಿದ್ದೆ. ಗೊರಸನ್ನು ತಟ್ಟಿ ಸದ್ದು ಕೇಳುತ್ತಿದ್ದೆ. ಜನರನ್ನು ಅವರ ಕೆಮ್ಮಿನಿಂದ, ಚಪ್ಪಲಿಯ ಸದ್ದಿನಿಂದ, ಟವೆಲ್ಲಿನ ಬಣ್ಣದಿಂದ ಗುರುತು ಹಿಡಿಯುತ್ತಿದ್ದೆ. ಕೈಗೆ ಸಿಗದಿದ್ದದ್ದು ಒಂದೇ: ಎತ್ತಿನ ಕಣ್ಣು. ಅದನ್ನು ಮುಟ್ಟಿ ನೋಡಲಾಗುವುದಿಲ್ಲ. ಮುಂದೆ ಕೈ ಬೀಸಿ ರೆಪ್ಪೆ ಬಡಿಯಿತೇ ಎಂದು ನೋಡಬೇಕು. ಕನ್ನಡಕವಿಲ್ಲದೆ ಆ ರೆಪ್ಪೆ ನನಗೆ ಕಾಣುತ್ತಿರಲಿಲ್ಲ.

ಆ ಒಂದು ಕೆಲಸಕ್ಕೆ ನನ್ನ ಗುರು ಪುಟ್ಟಸಿದ್ದಣ್ಣ ಇದ್ದರು. ದಲ್ಲಾಳಿ ಕೆಲಸಕ್ಕೆ ನನ್ನನ್ನು ಕರೆತಂದವರೇ ಅವರು. ಸಂತೆಯಲ್ಲಿ ಬೆಲೆ ಮಾತಾಡುವುದು ಬಾಯಲ್ಲಲ್ಲ, ಟವೆಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ, ಬೆರಳು ಹಿಡಿದು. ಪಕ್ಕದವನಿಗೆ ಏನೂ ತಿಳಿಯುವುದಿಲ್ಲ. ಪುಟ್ಟಸಿದ್ದಣ್ಣ ಇದನ್ನೇ ನಮ್ಮಿಬ್ಬರ ಗುಟ್ಟಿಗೂ ಬಳಸಿಕೊಂಡರು. ನಾನು ಯಾವುದಾದರೂ ಜೋಡಿ ನೋಡುತ್ತಿದ್ದರೆ ಅವರು ಸುಮ್ಮನೆ ಬಂದು, ಬೆಲೆ ಕೇಳುವವರ ಹಾಗೆ ನನ್ನ ಟವೆಲ್ಲಿನೊಳಗೆ ಕೈ ಹಾಕುತ್ತಿದ್ದರು. ಹೆಬ್ಬೆರಳು ಹಿಸುಕಿದರೆ ಹಲ್ಲಿನಲ್ಲಿ ದೋಷ. ತೋರುಬೆರಳು, ಕಾಲು. ನಡುಬೆರಳು, ಸುಳಿ. ಕಿರುಬೆರಳು, ಕಣ್ಣು. ಎಲ್ಲ ಬೆರಳನ್ನೂ ಮಡಿಸಿ ಮುಷ್ಟಿ ಮಾಡಿಬಿಟ್ಟರೆ, ಬೇಡ, ಬಿಟ್ಟು ನಡೆ. ಉಂಗುರದ ಬೆರಳಿಗೆ ಅವರು ಏನನ್ನೂ ಇಟ್ಟಿರಲಿಲ್ಲ. ಅವರದೇ ಬಲಗೈಯ ಉಂಗುರದ ಬೆರಳಿನ ತುದಿ ಕಬ್ಬಿನ ಗಾಣಕ್ಕೆ ಸಿಕ್ಕಿ ಹೋಗಿತ್ತು. “ಅದೊಂದು ಖಾಲಿ ಇರ್ಲಿ ಬುಡ್ಲಾ” ಅನ್ನುತ್ತಿದ್ದರು.

ಉಳಿದ ದಲ್ಲಾಳಿಗಳಿಗೆ ಈ ಗುಟ್ಟು ಗೊತ್ತಿರಲಿಲ್ಲ, ಆದರೆ ನನ್ನ ಕಣ್ಣು ಗೊತ್ತಿತ್ತು. ಅವರಲ್ಲಿ ಕೆಂಪಣ್ಣ ಎಂಬವನ ಬಾಯಿ ಜೋರು. ಒಂದು ದಿನ ಎಲ್ಲರೆದುರು ನನ್ನ ಮುಖದ ಮುಂದೆ ಕೈ ಹಿಡಿದು, “ಏಳಪ್ಪೋ ಸೋಡಾಬುಡ್ಡಿ, ಎಷ್ಟ್ ಬೆರ್ಳು?” ಎಂದು ಕೇಳಿದ. ಪುಟ್ಟಸಿದ್ದಣ್ಣ ಬೀಡಿ ಬಿಸಾಕಿ, “ಅವನ್ ಬೆರ್ಳು ಎಣಿಸ್ತಾನೆ, ನೀನು ಓದ್ ವಾರ ಎತ್ತಿನ್ ಅಲ್ಲು ಎಣಿಸಕ್ಕಾಗ್ದೆ ಮುದಿಯೆತ್ತು ಕೊಡಿಸ್ದಲ್ಲ, ಅದ್ನ ಮೊದ್ಲು ಏಳ್ಲಾ” ಎಂದರು. ನಕ್ಕವರೆಲ್ಲ ಕೆಂಪಣ್ಣನ ಕಡೆ ತಿರುಗಿದರು.

ಇನ್ನು ಬರೆಯಬೇಕಾದ್ದು ನನಗೆ ಕಷ್ಟದ ಮಾತು.

ವಯಸ್ಸಾದ ಮೇಲೆ ಪುಟ್ಟಸಿದ್ದಣ್ಣನ ಕಣ್ಣೂ ಹೋಯಿತು. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ಹೆದರಿದರು. ಒಂದು ಸಂತೆಯ ದಿನ ಕೋಲು ಹಿಡಿದು ತಡವರಿಸಿಕೊಂಡು ಬಂದವರು, ಎತ್ತೆಂದು ತಿಳಿದು ನಿಂತಿದ್ದ ಬೈಕಿನ ಸೀಟಿನ ಮೇಲೆ ಕೈಯಾಡಿಸಿದರು. ಕೆಂಪಣ್ಣ, “ಎಷ್ಟ್ ಅಲ್ಲು ಸಿದ್ದಣ್ಣ ಅದುಕ್ಕೆ?” ಎಂದ. ಮಾಳಕ್ಕೆ ಮಾಳವೇ ನಕ್ಕಿತು. ನಾನೂ ನಕ್ಕೆ. ನನ್ನ ಕಡೆಗೆ ಇದ್ದ ನಗು ಕೊನೆಗೂ ಇನ್ನೊಬ್ಬರ ಕಡೆ ಹೋಯಿತಲ್ಲ ಎಂಬ ಹಗುರದಲ್ಲಿ ನಕ್ಕೆ. ಅವರು ನಗು ಬಂದ ಕಡೆಗೆ ಮುಖ ತಿರುಗಿಸಿದರು. ನಾವಿಬ್ಬರೂ ಜನರನ್ನು ದನಿಯಿಂದಲೇ ಗುರುತು ಹಿಡಿಯುವವರು. ನನ್ನ ನಗು ಅವರಿಗೆ ತಿಳಿಯದೆ ಇರಲು ಸಾಧ್ಯವಿಲ್ಲ. ಆಮೇಲೆ ಅವರು ಸಂತೆಗೆ ಬರಲಿಲ್ಲ. ನಾನೂ ಅವರ ಮನೆಗೆ ಹೋಗಲಿಲ್ಲ. ಹೋದದ್ದು ಸಾವಿನ ಸುದ್ದಿ ಬಂದ ಮೇಲೆ. ಮಣ್ಣು ಮಾಡುವ ಮುಂಚೆ ಅವರ ಕೈಗಳನ್ನು ಎದೆಯ ಮೇಲೆ ಜೋಡಿಸಿದವನು ನಾನೇ. ಆ ಮೊಂಡುಬೆರಳು ನನ್ನ ಅಂಗೈಗೆ ತಗುಲಿತು.

ಅದಾಗಿ ಆರೇಳು ತಿಂಗಳಿಗೆ ನನಗೆ ಗಿರಾಕಿಗಳೇ ಕಡಿಮೆಯಾದರು. ಅಷ್ಟರಲ್ಲಿ ಬದನವಾಳಿನ ಕಡೆಯ ಮಹದೇವಮ್ಮ ಎಂಬಾಕೆ ನಂಜನಗೂಡಿನ ನನ್ನ ಮನೆ ಹುಡುಕಿಕೊಂಡು ಬಂದಳು. ಗಂಡ ಕಾಲು ಮುರಿದುಕೊಂಡು ಮಲಗಿದ್ದ. ಬಾಡಿಗೆ ಉಳುಮೆ, ಕಬ್ಬಿನ ಗಾಡಿ, ಆ ಮನೆ ನಡೆಯುತ್ತಿದ್ದುದೇ ಎತ್ತಿನ ಮೇಲೆ. ಇದ್ದ ಜೋಡಿಯಲ್ಲಿ ಒಂದು ಸತ್ತು, ಇನ್ನೊಂದನ್ನು ಮಾರಿದ್ದರು. “ನಂಗೆ ದನದ್ ವಿಚಾರ ಒಂದೂ ತಿಳೀದು ಅಣ್ಣ. ನೀವ್ ತಕೊ ಅಂದ್ರೆ ತಕೊತೀನಿ, ಬ್ಯಾಡ ಅಂದ್ರೆ ಬುಡ್ತೀನಿ” ಎಂದಳು. ಇವಳಿಗೆ ಕೆಟ್ಟ ಜೋಡಿ ಕೊಡಿಸಿದರೆ ಅವಳ ಮನೆ ನಿಲ್ಲುವುದಿಲ್ಲ, ಆ ಸುದ್ದಿ ಹಬ್ಬಿದರೆ ನನ್ನ ಕಸುಬೂ ನಿಲ್ಲುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಅವಳನ್ನು ಸಂತೆಗೆ ಕರೆದುಕೊಂಡು ಹೋದದ್ದು ಪುಷ್ಯಮಾಸದಲ್ಲಿ. ಬೆಳಗ್ಗೆ ಏಳೂವರೆಯಾಗಿದ್ದರೂ ಹೊಳೆ ಕಡೆಯಿಂದ ಬಂದ ಮಂಜು ಮಾಳದ ಮೇಲೆ ಹಾಗೇ ಕೂತಿತ್ತು. ಕೆಂಪಣ್ಣ ಒಂದು ಜೋಡಿ ತೋರಿಸಿದ. ಕೈಯಾಡಿಸಿದೆ: ಎರಡಕ್ಕೂ ಆರು ಹಲ್ಲು, ಸುಳಿ ಶುದ್ಧ, ಗೊರಸು ಗಟ್ಟಿ, ಮೈ ರೇಷ್ಮೆ. ಎಡಗಡೆಯ ಎತ್ತನ್ನು ಗೂಡ್ಸ್ ಆಟೊ ಒಂದಕ್ಕೆ ಒತ್ತರಿಸಿ ಕಟ್ಟಿದ್ದರು. ಅದರ ಆ ಬದಿಗೆ ಹೋಗಲು ಜಾಗವಿರಲಿಲ್ಲ. ಈಚೆಗೆ ತಿರುಗಿಸಿ ತೋರಿಸು ಎಂದು ನಾನು ಕೇಳಬೇಕಿತ್ತು. ಕೇಳಿದರೆ ಏನನ್ನುತ್ತಾರೋ ಎಂದು ಕೇಳಲಿಲ್ಲ. ಕೆಂಪಣ್ಣ, “ಸರ್ಯಾಗ್ ನೋಡ್ಕಪ್ಪಾ, ಆಮೇಲೆ ಕಾಣ್ನಿಲ್ಲ ಅನ್ಬ್ಯಾಡ” ಎಂದ. ಪಕ್ಕದಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಕೇಳಿದ್ದೇ ನನಗೆ ಹಟ ಬಂತು. “ಕಂಡದೆ. ಬಾ, ಬೆಲೆ ಮಾತಾಡು” ಎಂದು ಬಲಗೈ ಮೇಲೆ ಟವೆಲ್ ಹಾಕಿಕೊಂಡೆ.

“ಒಂದ್ ಟೀ ಕುಡ್ಕೊಂಡ್ ಬತ್ತೀನಿ ತಡಿ” ಎಂದು ಅವನು ಹೋದ. ನಾನು ಹಾಗೇ ನಿಂತಿದ್ದೆ. ಮಹದೇವಮ್ಮ ನನ್ನಿಂದ ಎರಡು ಮಾರು ದೂರದಲ್ಲಿದ್ದಳು.

ಸ್ವಲ್ಪ ಹೊತ್ತಿಗೆ ಮಂಜಿನಲ್ಲಿ ಬಿಳಿ ಬಿಳಿಯಾಗಿ ಯಾರೋ ಹತ್ತಿರ ಬಂದಂತಾಯಿತು. ಚಪ್ಪಲಿಯ ಸದ್ದಿರಲಿಲ್ಲ. ಟವೆಲ್ಲಿನ ಕೆಳಗೆ ಒಂದು ಕೈ ಬಂತು. ಕೆಂಪಣ್ಣನೇ ಎಂದುಕೊಂಡು ಹಿಡಿದೆ. ಒಣಗಿದ ಕೈ, ಬಿಸಿಯೂ ಅಲ್ಲ, ತಣ್ಣಗೂ ಅಲ್ಲ. ಕೆಂಪಣ್ಣನದು ಬೆವರುವ ಕೈ. ಇದು ಯಾರದು ಎಂದು ಯೋಚಿಸುವಷ್ಟರಲ್ಲಿ ಆ ಮೊಂಡುಬೆರಳು ನನ್ನ ಅಂಗೈಗೆ ತಗುಲಿತು.

ನಾನು ಅಲ್ಲಾಡಲಿಲ್ಲ. ಕೂಗಬೇಕೆಂದೂ ಹೊಳೆಯಲಿಲ್ಲ. ಆ ಕೈ ನನ್ನ ಕಿರುಬೆರಳನ್ನು ಹುಡುಕಿ ಎರಡು ಸಲ ಹಿಸುಕಿತು, ನೋಯುವಷ್ಟು. ಆಮೇಲೆ ನನ್ನ ಬೆರಳುಗಳನ್ನೆಲ್ಲ ಒಂದೊಂದಾಗಿ ಮಡಿಸಿ ಮುಷ್ಟಿ ಮಾಡಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮಡಿಸಿದ ಮುಷ್ಟಿಯಿಂದ ಉಂಗುರದ ಬೆರಳೊಂದನ್ನು ಮತ್ತೆ ಬಿಡಿಸಿ, ಮೆಲ್ಲಗೆ ಒಂದು ಸಲ ಹಿಡಿದು, ಬಿಟ್ಟಿತು. ಟವೆಲ್ಲಿನ ಕೆಳಗೆ ನನ್ನ ಕೈ ಒಂದೇ ಇತ್ತು.

“ಏನ್ಲಾ, ಒಬ್ನೇ ಟವೆಲ್ ಮುಚ್ಕೊಂಡು ಯಾರ್ ಜೊತೆ ವ್ಯಾಪಾರ?” ಟೀ ಅಂಗಡಿಯ ಕಡೆಯಿಂದ ಕೆಂಪಣ್ಣನ ದನಿ ಬಂತು. ಎಲ್ಲರೂ ನಕ್ಕರು. ನಾನು ಮಹದೇವಮ್ಮನ ಕಡೆ ತಿರುಗಿ, ಈಗ ನನ್ನ ಹತ್ತಿರ ಬಂದದ್ದು ಯಾರು ಎಂದು ಕೇಳಿದೆ.

“ಯಾರೂ ಬರ್ನಿಲ್ವಲ್ಲ ಅಣ್ಣ. ನೀವೊಬ್ರೇ ನಿಂತಿದ್ರಿ. ಟವೆಲ್ ಮಾತ್ರ ಅಲ್ಲಾಡ್ತಿತ್ತು” ಎಂದಳು.

ಆಗ ನಾನು ಅಷ್ಟು ವರ್ಷ ಮಾಡದ ಕೆಲಸ ಮಾಡಿದೆ. ಜೇಬಿನಿಂದ ಕನ್ನಡಕ ತೆಗೆದು, ಮಂಜು ಒರೆಸಿ, ಮಾಳದ ನಡುವೆ ಎಲ್ಲರೆದುರು ಹಾಕಿಕೊಂಡೆ. “ಓಹೋ, ಬುಡ್ಡಿ ಅತ್ಕೊಂತು!” ಎಂದು ಯಾರೋ ಕೂಗಿದರು. ಕೂಗಲಿ ಎಂದು ಎಡಗಡೆಯ ಎತ್ತಿನ ಹಗ್ಗ ಬಿಚ್ಚಿ, ಆಟೊದಿಂದ ಈಚೆಗೆ ಎಳೆದು ತಿರುಗಿಸಿದೆ. ಅದರ ಎಡಗಣ್ಣಿಗೆ ಹೂ ಬಿದ್ದಿತ್ತು, ನೀರು ಬೆರೆಸಿದ ಹಾಲಿನ ಬಣ್ಣ. ಕೈ ಬೀಸಿದೆ. ರೆಪ್ಪೆ ಬಡಿಯಲಿಲ್ಲ. “ನೋಡ್ಕೊಳದು ನಿನ್ ಕೆಲ್ಸ ಕಣಪ್ಪ, ತೋರ್ಸದು ನನ್ ಕೆಲ್ಸ ಅಲ್ಲ” ಎಂದು ಕೆಂಪಣ್ಣ ಹಗ್ಗ ಕಸಿದುಕೊಂಡ. ಮಹದೇವಮ್ಮನಿಗೆ ಎರಡು ವಾರದ ಮೇಲೆ ಬೇರೆ ಜೋಡಿ ಕೊಡಿಸಿದೆ, ಕನ್ನಡಕ ಹಾಕಿಕೊಂಡೇ. ಗಂಡನ ಕಾಲು ಕೂಡುವವರೆಗೂ ಆ ಮನೆಯನ್ನು ಎಳೆದದ್ದು ಆ ಎತ್ತುಗಳೇ.

ನಾನು ಇದನ್ನು ಸುಲಭವಾಗಿ ಒಪ್ಪಿಕೊಂಡೆ ಎಂದು ತಿಳಿಯಬೇಡಿ. ಯಾರೋ ಆಟವಾಡಿದ್ದಾರೆ ಎಂದೇ ನನ್ನ ಮೊದಲ ಅನುಮಾನ. ಎರಡು ತಿಂಗಳು, ಸಂತೆಗೆ ಬರುವ ಪ್ರತಿಯೊಬ್ಬರ ಕೈಯನ್ನೂ ಏನಾದರೊಂದು ನೆಪದಲ್ಲಿ ಹಿಡಿದು ನೋಡಿದೆ. ದಲ್ಲಾಳಿಗಳು, ಮಾರುವವರು, ಟೀ ಅಂಗಡಿಯವನು, ಹಗ್ಗ ಮಾರುವ ಮುದುಕ, ಯಾರನ್ನೂ ಬಿಡಲಿಲ್ಲ. ಮೊಂಡುಬೆರಳಿನವರು ಒಬ್ಬರೂ ಸಿಗಲಿಲ್ಲ. ಮೈಸೂರಿನಲ್ಲಿ ಕಣ್ಣಿನ ಡಾಕ್ಟರರಿಗೂ ಹೇಳಿದೆ. ದೃಷ್ಟಿ ಕಡಿಮೆಯಿದ್ದವರಿಗೆ ಇಲ್ಲದ್ದು ಕಾಣುವುದುಂಟು, ಮನಸ್ಸೇ ಚಿತ್ರ ತುಂಬಿಕೊಳ್ಳುತ್ತದೆ ಎಂದು ಅವರು ವಿವರಿಸಿದರು. “ಕಣ್ಣಿಗಾದ್ರೆ ಸರಿ ಸಾ. ಕೈಗೆ?” ಎಂದೆ. ಅವರು ನಕ್ಕು ಮುಂದಿನವರನ್ನು ಕರೆದರು.

ಎತ್ತಿನ ಕಣ್ಣಿನ ಅನುಮಾನ ನನ್ನೊಳಗೇ ಇತ್ತು, ಅದೇ ಕೈಯಾಗಿ ಬಂತು ಎಂದುಕೊಂಡರೂ ಸಮಾಧಾನವಿಲ್ಲ. ನನಗೆ ಗೊತ್ತಿದ್ದದ್ದನ್ನು ಮಾತ್ರ ನನ್ನ ಮನಸ್ಸು ಹೇಳಬಲ್ಲದು. ಉಂಗುರದ ಬೆರಳು ಹಿಡಿದರೆ ಏನರ್ಥ ಎನ್ನುವುದು ನನಗೆ ಆಗಲೂ ಗೊತ್ತಿರಲಿಲ್ಲ. ಇನ್ನೊಂದು ಮಾತು: ಕಣ್ಣು ಕಾಣದೆ ಸತ್ತವರು ಆ ಎತ್ತಿನ ಕಣ್ಣನ್ನು ಹೇಗೆ ನೋಡಿದರು?

ಈಗಲೂ ಸಂತೆಗೆ ಹೋಗುತ್ತೇನೆ. ಕನ್ನಡಕ ಮೂಗಿನ ಮೇಲೇ ಇರುತ್ತದೆ, ಹೆಸರೂ ಹಾಗೇ ಇದೆ. ವ್ಯಾಪಾರಕ್ಕೆ ಮುಂಚೆ ಒಂದು ಗಳಿಗೆ ಖಾಲಿ ಕೈಯ ಮೇಲೆ ಟವೆಲ್ ಹಾಕಿಕೊಂಡು ಸುಮ್ಮನೆ ನಿಲ್ಲುತ್ತೇನೆ. ಆಡುವವರು ಆಡಿಕೊಳ್ಳುತ್ತಾರೆ. ಆ ಕೈ ಮತ್ತೆ ಬಂದಿಲ್ಲ. ಬಂದರೆ ಕೇಳಬೇಕಾದ್ದು ಒಂದೇ ಇದೆ. ನಿನ್ನ ಆವತ್ತಿನ ನಗುವನ್ನು ಕ್ಷಮಿಸಿದ್ದೇನೆ ಎಂದು ನನ್ನ ಉಂಗುರದ ಬೆರಳು ಹಿಡಿದರೋ, ಮರೆತಿಲ್ಲ ಎಂದು ಹಿಡಿದರೋ. ಅವರು ಹಿಡಿದಾಗ ನಾನು ತಿರುಗಿ ಹಿಡಿಯಲಿಲ್ಲ. ಆ ಬೆರಳು ಇವತ್ತಿಗೂ ಮಂಜು ಬಿದ್ದ ಬೆಳಗ್ಗೆ ತಾನಾಗಿಯೇ ಮುಷ್ಟಿಯಿಂದ ಬಿಡಿಸಿಕೊಳ್ಳುತ್ತದೆ.