ಏಳನೇ ಮಹಡಿಯ ಗುಂಡುಕಲ್ಲು

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಸೆಕ್ರೆಟರಿ ಆದದ್ದು ಯೋಗ್ಯತೆಯಿಂದಲ್ಲ, ಮೀಟಿಂಗಿಗೆ ತಡವಾಗಿ ಹೋದದ್ದರಿಂದ. ನಾನು ತಲುಪುವಷ್ಟರಲ್ಲಿ ಎಲ್ಲರೂ ಸೇರಿ ನನ್ನನ್ನು ಆರಿಸಿ ಚಹಾ ಕುಡಿಯುತ್ತಿದ್ದರು. ಆ ವರ್ಷವೇ ಅಗ್ನಿಶಾಮಕ ದಳದ ಅಧಿಕಾರಿಯೊಬ್ಬರು ಕಟ್ಟಡ ನೋಡಲು ಬಂದರು. ಪ್ರತಿ ಮಹಡಿಯಲ್ಲೂ ಮೆಟ್ಟಿಲಿಗೆ ಒಂದು ದಪ್ಪ ಬಾಗಿಲಿತ್ತು, ತಾನಾಗಿ ಮುಚ್ಚಿಕೊಳ್ಳಲು ಸ್ಪ್ರಿಂಗೂ ಇತ್ತು. ಬೆಂಕಿ ಬಿದ್ದರೆ ಹೊಗೆ ಮೆಟ್ಟಿಲು ಹಿಡಿಯದಂತೆ ತಡೆಯುವುದು ಅದರ ಕೆಲಸ. ನಮ್ಮಲ್ಲಿ ಏಳೂ ಬಾಗಿಲುಗಳು ಹಾಯಾಗಿ ತೆರೆದಿದ್ದವು, ಒಂದೊಂದಕ್ಕೂ ಒಂದೊಂದು ಗುಂಡುಕಲ್ಲು ಒತ್ತಿಟ್ಟಿತ್ತು.

ಕಟ್ಟಡದಲ್ಲಿ ಅರ್ಧಕ್ಕರ್ಧ ಉಡುಪಿ ಕಡೆಯವರು, ಊರಿನ ರುಬ್ಬುವ ಕಲ್ಲನ್ನು ರೈಲಿನಲ್ಲಿ ಹೊತ್ತು ತಂದವರು. ಗ್ರೈಂಡರ್ ಬಂದ ಮೇಲೆ ಕಲ್ಲಿಗೆ ಕೆಲಸವಿಲ್ಲ, ಎಸೆಯಲು ಮನಸ್ಸಿಲ್ಲ. ಗುಂಡನ್ನು ಬಾಗಿಲಿಗೆ ಇಡುವ ಪದ್ಧತಿ ಶುರು ಮಾಡಿದವಳು ನನ್ನ ಅಮ್ಮನೇ. "ಆ ಬಾಗಿಲು ಢಬ್ ಅಂತ ಬಡಿಯುವಾಗ ಎದೆ ಒಡೀತದೆ ಮಾರಾಯ" ಎನ್ನುತ್ತಿದ್ದಳು.

ಅಧಿಕಾರಿ ಕೆಳಗೆ ಒಂದು ಕಟ್ಟು ಊದಿನಕಡ್ಡಿ ಹಚ್ಚಿಟ್ಟು ನನ್ನನ್ನು ನಮ್ಮ ಮನೆಯಿರುವ ಏಳನೇ ಮಹಡಿಗೆ ಹತ್ತಿಸಿದರು. ನಾನು ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ಪರಿಮಳ ಅಲ್ಲಿ ನನಗಾಗಿ ಕಾಯುತ್ತಿತ್ತು. ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು, ಮೆಟ್ಟಿಲು ಇಳಿಯಲಾಗದವರು ಮನೆಯೊಳಗೇ ಇರಬೇಕು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಬೇಕು, ದಳದವರು ಬರುವ ತನಕ ಯಾರು ಕರೆದರೂ ತೆಗೆಯಬಾರದು ಎಂದು ಅವರು ಹೇಳಿದರು. ನಾನು ಅದನ್ನು ಮೂರು ಭಾಷೆಗಳಲ್ಲಿ ಬರೆದು ಲಿಫ್ಟಿನ ಪಕ್ಕ ಅಂಟಿಸಿದೆ. ಕಲ್ಲುಗಳನ್ನೂ ತೆಗೆಸಿದೆ. ಸಂಜೆಯೊಳಗೆ ಅವು ಉರುಳಿಕೊಂಡು ವಾಪಸ್ಸು ಬಂದಿದ್ದವು, ನಮ್ಮದೂ ಸೇರಿ.

ಅಮ್ಮನಿಗೆ ಆ ದಿನದಿಂದ ಒಂದೇ ಚಿಂತೆ. ಅವಳ ಮಂಡಿಗೆ ನಾಲ್ಕು ಮೆಟ್ಟಿಲೂ ಹೆಚ್ಚು. "ಬೆಂಕಿ ಬಿದ್ರೆ ನನ್ನನ್ನು ಯಾರು ಇಳಿಸುದು?" ಎಂದು ಕಾಫಿಗೊಮ್ಮೆ, ಊಟಕ್ಕೊಮ್ಮೆ ಕೇಳುವಳು.

"ನಾನಿಲ್ವಾ ಅಮ್ಮ?"

"ನಿನಗೆ ಗ್ಯಾಸ್ ಸಿಲಿಂಡರೇ ಎತ್ತಲಿಕ್ಕೆ ಆಗುದಿಲ್ಲ."

ಒಂದು ಭಾನುವಾರ ಬೆಳಿಗ್ಗೆ ಎರಡನೇ ಮಹಡಿಗೆ ಹೊಸದಾಗಿ ಬಂದವರು ಗಣಹೋಮ ಇಟ್ಟುಕೊಂಡಿದ್ದರು. ಕಟ್ಟಿಗೆ ಹಸಿ. ಕಣ್ಣುರಿ ತಾಳಲಾರದೆ ಮನೆಯ ಬಾಗಿಲು ತೆರೆದಿಟ್ಟರು. ಹೊಗೆಗೆ ಅಷ್ಟೇ ಬೇಕಿತ್ತು; ಗುಂಡುಕಲ್ಲುಗಳ ಕೃಪೆಯಿಂದ ಮೆಟ್ಟಿಲಿಡೀ ತುಂಬಿಕೊಂಡಿತು. "ಆಗ್ ಲಗೀ, ಬೆಂಕಿ ಬೆಂಕಿ" ಎಂದು ಯಾರೋ ಕೂಗಿದರು. ನಾನು ಶೇವ್ ಮಾಡಿಕೊಳ್ಳುತ್ತಿದ್ದೆ. ಲುಂಗಿ ಎತ್ತಿ ಕಟ್ಟಿ ಓಡಿದವನು ನಿಂತದ್ದು ಅಂಗಳದಲ್ಲಿ.

ಅರ್ಧ ಮುಖದ ನೊರೆ ಹಾಗೇ ಇಟ್ಟುಕೊಂಡು, ಸೆಕ್ರೆಟರಿಯ ಗತ್ತಿನಲ್ಲಿ ತಲೆ ಎಣಿಸತೊಡಗಿದೆ. ಎಲ್ಲರೂ ಇದ್ದರು, ಐದನೇ ಮಹಡಿಯವರ ಬೆಕ್ಕೂ ಇತ್ತು. ಆಗ ಪಕ್ಕದ ಮನೆಯ ಮರಾಠಿ ಹೆಂಗಸು ಮೆಲ್ಲಗೆ ಕೇಳಿದರು, "ಆಣಿ ತುಮ್ಚಿ ಆಯಿ?"

ನನ್ನ ಅಮ್ಮ. ಮತ್ತೆ ಮೆಟ್ಟಿಲಿಗೆ ನುಗ್ಗಿದೆ. ಎರಡನೇ ಮಹಡಿಯಲ್ಲಿ ಭಟ್ಟರು ನೆಮ್ಮದಿಯಿಂದ ತುಪ್ಪ ಹೊಯ್ಯುವುದು ಕಂಡು ಇದು ಬೆಂಕಿಯಲ್ಲ ಎಂದು ತಿಳಿಯಿತು, ಆದರೂ ಕಾಲು ನಿಲ್ಲಲಿಲ್ಲ. ಏಳನೇ ಮಹಡಿಯಲ್ಲಿ ಮೆಟ್ಟಿಲ ಬಾಗಿಲು ಮುಚ್ಚಿತ್ತು. ದೂಡಿ ಒಳಗೆ ಹೋದರೆ ಗುಂಡುಕಲ್ಲು ಮೂಲೆಯಲ್ಲಿ, ಹೊಗೆಯ ಸುಳಿವೇ ಇಲ್ಲ. ನಮ್ಮ ಮನೆಯ ಬಾಗಿಲೂ ಮುಚ್ಚಿತ್ತು, ಅಡಿಯಿಂದ ಒದ್ದೆ ಸೀರೆಯ ಅಂಚು ಇಣುಕುತ್ತಿತ್ತು. ಕೆಮ್ಮುತ್ತ ಬಡಿದೆ.

"ಯಾರು?"

"ನಾನಮ್ಮ, ಬಾಗಿಲು ತೆಗಿ."

"ಯಾರು ಕರೆದ್ರೂ ತೆಗೀಬಾರ್ದಂತೆ. ಸೆಕ್ರೆಟರಿ ಬರೆದು ಹಾಕಿದ್ದಾರೆ."

"ಆ ಸೆಕ್ರೆಟರಿ ನಾನೇ ಅಲ್ವಾ? ಬೆಂಕಿ ಎಂತ ಇಲ್ಲ, ಹೋಮದ ಹೊಗೆ."

ಅಮ್ಮ ಒಳಗಿನಿಂದಲೇ ಕೇಳಿದಳು, "ನನ್ನನ್ನು ಇಳಿಸ್ಲಿಕ್ಕೆ ಬಂದದ್ದಾ, ನೊರೆ ಒರೆಸ್ಲಿಕ್ಕೆ ಟವೆಲ್ ತಕೊಂಡು ಹೋಗ್ಲಿಕ್ಕೆ ಬಂದದ್ದಾ?"

ನನಗೆ ನಾಚಿಕೆಯಾಯಿತು. ಅವಳೇ ಬಾಗಿಲು ತೆಗೆದು, ಒದ್ದೆ ಸೀರೆಯ ತುದಿಯಿಂದ ನನ್ನ ಮುಖದ ನೊರೆ ಒರೆಸಿದಳು.

ಯಾರು ಇಳಿಸುವುದು ಎಂದು ಅಮ್ಮ ಆಮೇಲೆ ಯಾವತ್ತೂ ಕೇಳಲಿಲ್ಲ. ಬಚ್ಚಲುಮನೆಯ ಬಕೆಟಿನಲ್ಲಿ ಮಾತ್ರ ಒಂದು ಹಳೇ ಸೀರೆ ಯಾವಾಗಲೂ ನೆನೆದಿರುತ್ತಿತ್ತು.