ಸದ್ದು ಮಾಡದ ನಾಯಿಮರಿ

ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಹೆಗ್ಗಣ ಹಿಡಿಯಲು ಬರುತ್ತಿದ್ದ ಅಜ್ಜ ತೀರಿಹೋದರೆಂದು ಪಕ್ಕದ ಮನೆಯಾಕೆ ಗೇಟಿನಿಂದಲೇ ಹೇಳಿದಳು.

ಇಟ್ಟಮಡುವಿನ ನಮ್ಮ ಹಿತ್ತಲಲ್ಲೇ ಅವರು ಹೊಸ ನಾಯಿಮರಿಯನ್ನು ಬೇಟೆಗೆ ಪಳಗಿಸಿದ್ದರು. ಒಂದು ಬಿಲಕ್ಕೆ ಹೊಗೆ ಹಾಕಿ, ಇನ್ನೊಂದರ ಬಾಯಲ್ಲಿ ಮರಿಯನ್ನು ಕೂರಿಸುತ್ತಿದ್ದರು. ಅದು ಕುಂಯ್ ಎಂದರೆ ಸಾಕು, ಮೂತಿಯ ಮೇಲೆ ಎರಡು ಬೆರಳಿಟ್ಟು, "ಸದ್ದು ಬೇಡ, ಮಗಾ" ಎನ್ನುವರು.

"ನಾಯಿ ಅಂದ್ಮೇಲೆ ಬೊಗಳಲ್ವಾ? ಅದನ್ನ ಮೂಕ ಮಾಡಿಬಿಡ್ತೀರಲ್ಲಾ" ಎಂದು ನಕ್ಕಿದ್ದೆ.

"ಬೊಗಳಿದ್ರೆ ಹೆಗ್ಗಣ ಒಳಗೇ ಉಳ್ಕೊಳ್ಳುತ್ತೆ ಅಕ್ಕಾ. ಆಮೇಲೆ ನೀವೇ ನನ್ನ ಬೈತೀರ."

ಒಂದು ದಿನ ಹೆಗ್ಗಣ ಅದರ ಮೂಗನ್ನೇ ಕಚ್ಚಿತು. ರಕ್ತ ಬಂದರೂ ಮರಿ ಉಸಿರೆತ್ತಲಿಲ್ಲ. ನಾನು ಕೊಟ್ಟ ಮುದ್ದೆಯನ್ನು ಅವರು ತಾವು ಮುಟ್ಟದೆ ಅದಕ್ಕೇ ತಿನ್ನಿಸಿದರು.

ನಿನ್ನೆ ಸಂಜೆ ಖಾಲಿ ಸೈಟಿನ ಕಾಂಪೌಂಡಿನೊಳಗೆ, ಬಿಲದ ಪಕ್ಕದಲ್ಲೇ ಎದೆ ಹಿಡಿದುಕೊಂಡು ಬಿದ್ದರಂತೆ. ಗೋಡೆಯಾಚೆ ಜನ ಓಡಾಡುತ್ತಲೇ ಇದ್ದರಂತೆ. ಬೆಳಿಗ್ಗೆ ನೋಡಿದಾಗ ಮರಿ ಅವರ ತಲೆಯ ಬಳಿ ಕೂತಿತ್ತಂತೆ. ರಾತ್ರಿಯೆಲ್ಲ ಅದು ಒಮ್ಮೆಯೂ ಬೊಗಳಿರಲಿಲ್ಲವಂತೆ.

"ಒಂದ್ಸಲ ಬೊಗಳಿದ್ರೂ ಉಳೀತಿದ್ರೋ ಏನೋ" ಎಂದಳು ಆಕೆ.

ಒಂಟಿಯಾಗಿ ಸಾಯಲಿಲ್ಲ, ಅಷ್ಟಾದರೂ ಬನಶಂಕರಿ ತಾಯಿಯ ದಯೆ. ಕೈಮುಗಿದು ಒಳಗೆ ಬಂದು, ಮರಿಗೆಂದು ಒಂದು ಹಿಡಿ ಹೆಚ್ಚಿಗೆ ಸೇರಿಸಿ ಅಕ್ಕಿ ತೊಳೆದೆ.